ಬೆಳ್ಳಗಿರುವುದೆಲ್ಲ ಬೆಳ್ಳಿಯಲ್ಲ

(ತೋಟದ ಕಾರ್ಮಿಕ ಕುಟುಂಬಗಳ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಬೋನಸ್ ಬಟವಾಡೆಯ ದಿನ ಹತ್ತಿರ ಬಂದಿದೆ. ಆ ಹಣಕ್ಕಾಗಿ ಎಷ್ಟು ಖರ್ಚುಗಳು ಬಾಗಿಲಲ್ಲಿ ಕಾದು ನಿಂತಿವೆ ಎಂಬುದನ್ನು ನಾವೆಲ್ಲರೂ ಬಲ್ಲೆವು. ಅಂಗಡಿಯ ಬಾಕಿ, ಮಕ್ಕಳ ಫೀಸು, ಹಬ್ಬದ ಬಟ್ಟೆ, ಊರಿಗೆ ಹೋಗಿಬರುವ ಬಸ್ಸಿನ ಛಾರ್ಜು. ಇವೆಲ್ಲ ಕಳೆದು ಕೈಯಲ್ಲಿ ಸ್ವಲ್ಪ ಉಳಿದರೆ ನಮ್ಮ ತಾಯಂದಿರು ಅದನ್ನು ಸುಮ್ಮನೆ ಕರಗಿಸುವುದಿಲ್ಲ. ಪೇಟೆಗೆ ಹೋಗಿ ಮಗಳಿಗೆ ಕಾಲುಚೈನನ್ನೋ, ಮೊಮ್ಮಗನಿಗೆ ಉಡಿದಾರವನ್ನೋ, ಸೊಸೆಗೆ ಕಾಲುಂಗುರವನ್ನೋ ತರುತ್ತಾರೆ. ಚಿನ್ನವು ಕೂಲಿಯವರ ಕೈಗೆ ಎಟುಕದಷ್ಟು ಮೇಲೆ ಹೋಗಿರುವಾಗ ಬೆಳ್ಳಿಯೇ ನಮ್ಮ ಬ್ಯಾಂಕು. ಕಷ್ಟ ಬಂದ ದಿನ ಅದನ್ನು ಅಡವಿಟ್ಟು ಆಸ್ಪತ್ರೆಗೆ ಹೋಗುತ್ತೇವೆ, ಕಷ್ಟ ತೀರಿದ ಮೇಲೆ ಬಿಡಿಸಿಕೊಳ್ಳುತ್ತೇವೆ.

ಆದುದರಿಂದ ಈ ದಿನ ಒಂದೇ ಪ್ರಶ್ನೆಯನ್ನು ಎತ್ತಿಕೊಳ್ಳೋಣ. ನಾವು ಬೆಳ್ಳಿ ಎಂದು ಕೊಳ್ಳುವ ವಸ್ತು ನಿಜವಾಗಿ ಬೆಳ್ಳಿಯೋ? ಬೆಳ್ಳಿಯಾದರೆ ಅದರಲ್ಲಿ ಎಷ್ಟು ಭಾಗ ಬೆಳ್ಳಿ? ಬೆಳ್ಳಗಿರುವುದೆಲ್ಲಾ ಹಾಲಲ್ಲ ಎಂದು ಹಿರಿಯರು ಹೇಳಿದ್ದಾರೆ. ಬೆಳ್ಳಗಿರುವುದೆಲ್ಲ ಬೆಳ್ಳಿಯೂ ಅಲ್ಲ.

ನಮ್ಮ ನಡುವೆ ಇರುವ ಒಬ್ಬ ತಾಯಿಯ ಸಂಗತಿಯನ್ನು ಹೇಳುತ್ತೇವೆ, ಹೆಸರು ಬೇಡ. ಎಂಟು ವರ್ಷ ಬೋನಸ್ಸಿನಲ್ಲಿ ಉಳಿಸಿ ಉಳಿಸಿ ಮೂರು ಜೊತೆ ಕಾಲುಚೈನು ಮಾಡಿಸಿದ್ದರು. ಮಗಳು ನರ್ಸಿಂಗ್ ಓದಲು ಹೊರಟಾಗ ಮೊದಲ ಫೀಸು ಕಟ್ಟಲು ಅವನ್ನು ಮಾರಲು ಹೋದರು. ಅಂಗಡಿಯವರು ಒರೆಗೆ ಹಚ್ಚಿ ನೋಡಿ, "ಅಮ್ಮಾ, ಇದರಲ್ಲಿ ನೂರಕ್ಕೆ ಐವತ್ತೈದು ಮಾತ್ರ ಬೆಳ್ಳಿ, ಮಿಕ್ಕದ್ದು ತಾಮ್ರ" ಎಂದರು. ಕೊಳ್ಳುವಾಗ ಆ ತಾಯಿ ನೂರಕ್ಕೆ ನೂರು ಬೆಳ್ಳಿಯ ಬೆಲೆ ಕೊಟ್ಟಿದ್ದರು. ಚೀಟಿಯಿರಲಿಲ್ಲ, ಗುರುತಿರಲಿಲ್ಲ, ಕೇಳಲು ಜಾಗವೂ ಇರಲಿಲ್ಲ. ಸೊಪ್ಪು ಕಿತ್ತ ಬೆರಳುಗಳ ಎಂಟು ವರ್ಷದ ಉಳಿತಾಯದಲ್ಲಿ ಹತ್ತಿರ ಅರ್ಧ, ಕೊಂಡ ದಿನವೇ ಹೋಗಿತ್ತು. ತಿಳಿದದ್ದು ಮಾತ್ರ ಮಾರಿದ ದಿನ. ನಾವು ಹೇಳಬೇಕೆಂದಿರುವ ಮಾತು ಇಷ್ಟೇ: ಮಾರುವ ದಿನ ಕೇಳುವ ಪ್ರಶ್ನೆಯನ್ನು ಕೊಳ್ಳುವ ದಿನವೇ ಕೇಳಬೇಕು. ಹಾಗೆ ಕೇಳಬೇಕಾದರೆ ನಮಗೆ ಸ್ವಲ್ಪ ತಿಳುವಳಿಕೆ ಬೇಕು.

ಅಪ್ಪಟ ಬೆಳ್ಳಿ, ಸ್ಟರ್ಲಿಂಗ್ ಬೆಳ್ಳಿ

ಅಪ್ಪಟ ಬೆಳ್ಳಿ ಬಹಳ ಮೆತು. ಅದರಿಂದಲೇ ಕಾಲುಚೈನು ಮಾಡಿದರೆ ಕೊಂಡಿಗಳು ಬೇಗ ಅಗಲವಾಗಿ ಬಿಟ್ಟುಕೊಳ್ಳುತ್ತವೆ, ಚಮಚ ಮಾಡಿದರೆ ಬಾಗುತ್ತದೆ. ಆದಕಾರಣ ಅಕ್ಕಸಾಲಿಗರು ಅದಕ್ಕೆ ಸ್ವಲ್ಪ ತಾಮ್ರ ಕೂಡಿಸುತ್ತಾರೆ. ತಾಮ್ರ ಕೂಡಿಸುವುದು ತಾನೇ ಮೋಸವಲ್ಲ. ಎಷ್ಟು ಕೂಡಿಸಿದೆ ಎಂಬುದನ್ನು ಮುಚ್ಚಿಟ್ಟು ಪೂರಾ ಬೆಳ್ಳಿಯ ಬೆಲೆ ತೆಗೆದುಕೊಳ್ಳುವುದು ಮೋಸ.

ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ, ಮಿಕ್ಕ 75 ಭಾಗ ಸಾಮಾನ್ಯವಾಗಿ ತಾಮ್ರ ಇದ್ದರೆ ಅದಕ್ಕೆ ಸ್ಟರ್ಲಿಂಗ್ ಬೆಳ್ಳಿ ಎಂದು ಹೆಸರು. ಈಗ ಪೇಟೆಯಲ್ಲಿ 'ನೈನ್ ಟೂ ಫೈವ್' ಎಂದು ಕೂಗಿ ಮಾರುವುದು ಇದನ್ನೇ. ನಮ್ಮ ಕಡೆಯ ಅಕ್ಕಸಾಲಿಗರು ಇದೇ ಲೆಕ್ಕವನ್ನು 'ಟಂಚ' ಎನ್ನುತ್ತಾರೆ. 925 ಎಂದರೆ ತೊಂಬತ್ತೆರಡೂವರೆ ಟಂಚ. ಆ ತಾಯಿಯ ಕಾಲುಚೈನು ಐವತ್ತೈದು ಟಂಚ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಸ್ಟರ್ಲಿಂಗ್ ಎಂಬುದು ಹಿಂದೆ ಇಂಗ್ಲೆಂಡಿನ ಬೆಳ್ಳಿ ಪೆನ್ನಿ ನಾಣ್ಯಕ್ಕೆ ಇದ್ದ ಹೆಸರು. ಆ ನಾಣ್ಯದ ಬೆಳ್ಳಿಗಿಂತ ಕೀಳಾದ ಬೆಳ್ಳಿಯಲ್ಲಿ ಯಾರೂ ಪಾತ್ರೆ ಪದಾರ್ಥ ಮಾಡಿ ಮಾರಬಾರದೆಂದು 1300ರಲ್ಲಿ ಒಂದನೆಯ ಎಡ್ವರ್ಡ್ ರಾಜನು ಕಾನೂನು ಮಾಡಿದನು. ಪರೀಕ್ಷೆಯಾದ ವಸ್ತುವಿಗೆ ಚಿರತೆಯ ತಲೆಯ ಮುದ್ರೆ ಹಾಕಬೇಕೆಂದೂ ಅದರಲ್ಲಿ ಇತ್ತು. ಮುಂದೆ 1478ರಿಂದ ಲಂಡನ್ನಿನ ಅಕ್ಕಸಾಲಿಗರ ಸಂಘದ ಹಾಲಿಗೇ ವಸ್ತುಗಳನ್ನು ತಂದು ಮುದ್ರೆ ಹಾಕಿಸಬೇಕಾಯಿತು. ಹಾಲಿನಲ್ಲಿ ಹಾಕಿದ ಮಾರ್ಕು, ಅದೇ 'ಹಾಲ್‌ಮಾರ್ಕ್'. ನೋಡಿರಿ, ಕೊಳ್ಳುವವನು ಲೋಹವನ್ನು ಕಣ್ಣಿನಿಂದ ಅಳೆಯಲಾರನು. ಆದ್ದರಿಂದ ಮಾರುವವನೂ ಅಲ್ಲದ ಕೊಳ್ಳುವವನೂ ಅಲ್ಲದ ಮೂರನೆಯವನು ಅಳೆದು ಹೇಳಬೇಕು ಎಂಬ ತಿಳುವಳಿಕೆ ಏಳುನೂರು ವರ್ಷಗಳಷ್ಟು ಹಳೆಯದು.

ಬಂಗಲೆಯಿಂದ ಬಂದ ಸಾಮಾನುಗಳು

ಇಂಗ್ಲೆಂಡಿನ ಮಾತು ನಮಗೇಕೆ ಎಂದು ನೀವು ಕೇಳಬಹುದು. ನೀಲಗಿರಿ, ವಯನಾಡಿನ ತೋಟಗಳಲ್ಲಿ ದೊರೆಗಳು ಇದ್ದ ಬಂಗಲೆಗಳ ಸಾಮಾನು ಕಾಲಕ್ರಮದಲ್ಲಿ ಹರಾಜಾಗಿಯೋ, ಇನಾಮಾಗಿಯೋ ಅಲ್ಲಲ್ಲಿ ಮನೆಗಳಿಗೆ ಬಂದಿದೆ. ಚಮಚ, ಫೋರ್ಕು, ಟೀ ಪಾತ್ರೆ, ಸಕ್ಕರೆ ಬಟ್ಟಲು, ಟ್ರೇ. ಇವನ್ನು ಮನೆಯವರು 'ದೊರೆ ಕಾಲದ ಬೆಳ್ಳಿ' ಎಂದು ಪೆಟ್ಟಿಗೆಯ ತಳದಲ್ಲಿ ಕಾಪಾಡಿರುತ್ತಾರೆ.

ಇಂಥ ಒಂದು ಮನೆಯಲ್ಲಿ ಬಟ್ಲರ್ ಆಗಿದ್ದ ತಂದೆ ಬಿಟ್ಟುಹೋದ ಒಂದು ಟೀ ಪಾತ್ರೆಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಅಣ್ಣನ ಮನೆಯಲ್ಲಿ ಮದುವೆಯಾದರೆ ತಮ್ಮ ಬರಲಿಲ್ಲ. ಕೊನೆಗೆ ಹಿರಿಯರ ಮುಂದೆ ಆ ಪಾತ್ರೆಯನ್ನು ಬೋರಲು ಹಾಕಿ ನೋಡಿದಾಗ ಅಡಿಯಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರಗಳು ಕಂಡವು: ಇ, ಪಿ, ಎನ್, ಎಸ್. ಇದರ ಅರ್ಥ 'ಎಲೆಕ್ಟ್ರೋ ಪ್ಲೇಟೆಡ್ ನಿಕ್ಕಲ್ ಸಿಲ್ವರ್' ಎಂದು. ಅಂದರೆ ನಿಕ್ಕಲ್ ಸಿಲ್ವರಿನ ಪಾತ್ರೆಗೆ ವಿದ್ಯುತ್ತಿನಿಂದ ಬೆಳ್ಳಿಯ ತೆಳು ಮುಲಾಮು ಹಾಕಿದ್ದು. ನಿಕ್ಕಲ್ ಸಿಲ್ವರನ್ನೇ ನಾವು ಜರ್ಮನ್ ಸಿಲ್ವರ್ ಎನ್ನುವುದು. ಅದು ತಾಮ್ರ, ಸತು, ನಿಕ್ಕಲ್ ಕೂಡಿದ ಲೋಹ. ಹೆಸರಿನಲ್ಲಿ ಬೆಳ್ಳಿ ಇದೆ, ಒಳಗೆ ಒಂದು ಗುಂಜಿಯಷ್ಟೂ ಬೆಳ್ಳಿ ಇಲ್ಲ. ಅಣ್ಣತಮ್ಮಂದಿರ ನಡುವೆ ಗೋಡೆಯಾಗಿ ನಿಂತದ್ದು ಆ ತೆಳು ಮುಲಾಮು.

ಹೀಗೆ ವಿದ್ಯುತ್ತಿನಿಂದ ಮುಲಾಮು ಹಾಕುವ ವಿಧಾನಕ್ಕೆ ಇಂಗ್ಲೆಂಡಿನ ಎಲ್ಕಿಂಗ್ಟನ್ ಎಂಬವರು 1840ರಲ್ಲಿ ಪೇಟೆಂಟು ಪಡೆದರು. ಅಲ್ಲಿಂದ ಮುಂದೆ ಅಗ್ಗದ ಸಾಮಾನು ಬೆಳ್ಳಿಯಂತೆ ಹೊಳೆಯತೊಡಗಿತು. ಮಾಡಿದವರು ಅಕ್ಷರಗಳನ್ನು ಒಂದೊಂದೇ ಚೌಕದೊಳಗೆ, ಬಳ್ಳಿಬಳ್ಳಿಯಾದ ಬರಹದಲ್ಲಿ ಒತ್ತುತ್ತಿದ್ದರು. ಆದ್ದರಿಂದ ಓದಲು ಬಾರದ ಕಣ್ಣಿಗೆ ಅದು ಹಾಲ್‌ಮಾರ್ಕಿನಂತೆಯೇ ಕಾಣುತ್ತದೆ. 'ಎ 1' ಎಂದಿದ್ದರೆ ಅದು ಮುಲಾಮಿನ ದರ್ಜೆ. 'ಷೆಫೀಲ್ಡ್' ಎಂದು ಊರಿನ ಹೆಸರು ಮಾತ್ರ ಬರೆದಿದ್ದರೆ ಅದೂ ಬೆಳ್ಳಿಗೆ ಸಾಕ್ಷಿಯಲ್ಲ. 'ಪ್ಲೇಟ್', 'ಪ್ಲೇಟೆಡ್' ಎಂಬ ಮಾತಿದ್ದರೂ ಹಾಗೆಯೇ.

ನಿಜವಾದ ಇಂಗ್ಲಿಷ್ ಸ್ಟರ್ಲಿಂಗ್ ವಸ್ತುವಿನಲ್ಲಿ ಏನಿರುತ್ತದೆ? ಬಲಗಾಲೆತ್ತಿ ಎಡಕ್ಕೆ ನಡೆಯುವ ಒಂದು ಪುಟ್ಟ ಸಿಂಹ. 1544ರಿಂದ ಇದು ಬಂದಿದೆ. ಅದರ ಪಕ್ಕದಲ್ಲಿ ಪರೀಕ್ಷೆ ಮಾಡಿದ ಊರಿನ ಗುರುತು: ಲಂಡನ್ನಿಗೆ ಚಿರತೆಯ ತಲೆ, ಬರ್ಮಿಂಗ್‌ಹ್ಯಾಮಿಗೆ ಲಂಗರು, ಷೆಫೀಲ್ಡಿಗೆ 1974ರ ತನಕ ಕಿರೀಟ, ಅಲ್ಲಿಂದ ಮುಂದೆ ಗುಲಾಬಿ. ಜೊತೆಗೆ ವರ್ಷವನ್ನು ಸೂಚಿಸುವ ಒಂದು ಅಕ್ಷರ, ಮಾಡಿದವರ ಹೆಸರಿನ ಮೊದಲಕ್ಷರಗಳು. 1784ರಿಂದ 1890ರ ತನಕದ ವಸ್ತುಗಳಲ್ಲಿ ಸುಂಕ ಕಟ್ಟಿದ್ದಕ್ಕೆ ರಾಜನದೋ ರಾಣಿಯದೋ ತಲೆಯೂ ಇರುತ್ತದೆ. 1999ರಿಂದ ಈಚೆಗೆ ಅಲ್ಲಿ 925 ಎಂಬ ಅಂಕೆ ಕಡ್ಡಾಯವಾಗಿದೆ, ಸಿಂಹ ಐಚ್ಛಿಕ. ನಿಮ್ಮ ಪೆಟ್ಟಿಗೆಯಲ್ಲಿ ಸಿಂಹದ ಚಮಚ ಸಿಕ್ಕಿದರೆ ತೂಕಕ್ಕೆ ಮಾರಬೇಡಿರಿ. ಹಳೆಯ ಸಾಮಾನು ಬಲ್ಲವರಿಗೆ ಮೊದಲು ತೋರಿಸಿರಿ. ಇ.ಪಿ.ಎನ್.ಎಸ್. ಸಿಕ್ಕಿದರೆ ಟೀ ಕುಡಿಯಲು ಇಟ್ಟುಕೊಳ್ಳಿರಿ. ಅದಕ್ಕಾಗಿ ಅಣ್ಣತಮ್ಮಂದಿರನ್ನು ಕಳೆದುಕೊಳ್ಳಬೇಡಿರಿ.

ಹಳೆಯ ರೂಪಾಯಿಗಳು

ಬಂಗಲೆಯ ಚಮಚಕ್ಕಿಂತ ಹೆಚ್ಚಾಗಿ ನಮ್ಮ ಅಜ್ಜಿಯರ ಗಂಟಿನಲ್ಲಿ ಸಿಗುವುದು ಹಳೆಯ ರೂಪಾಯಿ. ಇದರಲ್ಲಿ ಮೂರು ಬಗೆ ಇದೆ. ವಿಕ್ಟೋರಿಯಾ ರಾಣಿ, ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್ ಇವರ ತಲೆಯಿರುವ ರೂಪಾಯಿಗಳೂ, 1938 ಮತ್ತು 1939 ಎಂದು ಬರೆದಿರುವ ಆರನೆಯ ಜಾರ್ಜರ ರೂಪಾಯಿಗಳೂ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತವೆ. ಅವುಗಳಲ್ಲಿ ಹನ್ನೆರಡರಲ್ಲಿ ಹನ್ನೊಂದು ಭಾಗ ಬೆಳ್ಳಿ. ಇದು ಸ್ಟರ್ಲಿಂಗಿಗೆ ಬಹಳ ಹತ್ತಿರ.

ಎರಡನೆಯ ಮಹಾಯುದ್ಧದಲ್ಲಿ ಬೆಳ್ಳಿ ಸಾಲದೆ ಬಂದಿತು. 1940ರಿಂದ 1945ರ ತನಕದ ರೂಪಾಯಿಯಲ್ಲಿ ಅರ್ಧ ಭಾಗ ಮಾತ್ರ ಬೆಳ್ಳಿ. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ರಾಜನ ತಲೆ ಒಂದೇ, ಆಕಾರ ಹೆಚ್ಚುಕಡಿಮೆ ಒಂದೇ, ಆದರೆ ಬೆಲೆ ಮೂರು ತೆರ. ಆದ್ದರಿಂದ ತಲೆಯನ್ನು ನೋಡಬೇಡಿರಿ, ಇಸವಿಯನ್ನು ನೋಡಿರಿ. ಹೊಸದಾಗಿ ಎರಕ ಹೊಯ್ದ ನಕಲಿ ರೂಪಾಯಿಗಳೂ ಸಂತೆಯಲ್ಲಿ ತಿರುಗುತ್ತಿವೆ. ತೂಕ 11.66 ಗ್ರಾಮಿಗೆ ಬಹಳ ಕಡಿಮೆ ಬಂದರೆ, ಅಂಚು ಮೊಂಡಾಗಿದ್ದರೆ, ಅಕ್ಷರಗಳ ನಡುವೆ ಸಣ್ಣ ಸಣ್ಣ ಗುಳಿಗಳಿದ್ದರೆ ಅನುಮಾನ ಪಡಬೇಕು.

ನಮ್ಮ ದೇಶದ ಗುರುತು

ಈಗ ಪೇಟೆಯ ಹೊಸ ವಸ್ತುವಿಗೆ ಬರೋಣ. ನಮ್ಮ ದೇಶದಲ್ಲಿ ಆ 'ಮೂರನೆಯವರ' ಕೆಲಸವನ್ನು ನೋಡಿಕೊಳ್ಳುವುದು ಭಾರತೀಯ ಮಾನಕ ಬ್ಯೂರೋ, ಅಂದರೆ ಬಿ.ಐ.ಎಸ್. ಬೆಳ್ಳಿಗೆ ಹಾಲ್‌ಮಾರ್ಕ್ ಹಾಕುವ ಏರ್ಪಾಡು 2005ರಿಂದಲೇ ಇದೆ. 2025ರ ಸೆಪ್ಟೆಂಬರ್ 1ರಿಂದ ಅದಕ್ಕೆ ಹೊಸ ರೂಪ ಬಂದಿತು. ಈಗಿನ ಗುರುತಿನಲ್ಲಿ ಮೂರು ಭಾಗ. ಮೊದಲನೆಯದು ಬಿ.ಐ.ಎಸ್. ಚಿಹ್ನೆ ಮತ್ತು ಇಂಗ್ಲಿಷಿನಲ್ಲಿ 'ಸಿಲ್ವರ್' ಎಂಬ ಮಾತು. ಎರಡನೆಯದು ಶುದ್ಧತೆಯ ಅಂಕೆ. ಅದು 800, 835, 925, 958, 970, 990, 999 ಇವುಗಳಲ್ಲಿ ಒಂದಾಗಿರಬೇಕು. ಮೂರನೆಯದು ಅಂಕೆ ಅಕ್ಷರ ಕೂಡಿದ ಆರು ಗುರುತುಗಳ ಒಂದು ಸಂಖ್ಯೆ. ಇದನ್ನು ಎಚ್.ಯು.ಐ.ಡಿ. ಎನ್ನುತ್ತಾರೆ. ಒಂದೊಂದು ವಸ್ತುವಿಗೂ ಬೇರೆ ಬೇರೆ ಸಂಖ್ಯೆ.

ಮಕ್ಕಳ ಕೈಯಲ್ಲಿರುವ ಫೋನಿನಲ್ಲಿ 'ಬಿ.ಐ.ಎಸ್. ಕೇರ್' ಎಂಬ ಆ್ಯಪ್ ಹಾಕಿಸಿ ಆ ಸಂಖ್ಯೆಯನ್ನು ಒತ್ತಿದರೆ, ಎಲ್ಲಿ ಪರೀಕ್ಷೆಯಾಯಿತು, ಎಷ್ಟು ಶುದ್ಧ, ಯಾವ ಬಗೆಯ ವಸ್ತು ಎಂಬುದು ಬರುತ್ತದೆ. ಉಂಗುರದ ಸಂಖ್ಯೆ ಒತ್ತಿದಾಗ ಬಟ್ಟಲು ಎಂದು ಬಂದರೆ ಆ ಗುರುತು ಕದ್ದದ್ದು. ಕೊಳ್ಳುವ ಮೊದಲೇ, ಅಂಗಡಿಯಲ್ಲಿ ನಿಂತೇ ನೋಡಿಕೊಳ್ಳಿರಿ. ಇದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ.

ಒಂದು ಎಚ್ಚರಿಕೆ. ಬೆಳ್ಳಿಗೆ ಈ ಹೊಸ ಗುರುತು ಬಂದಾಗ ಅದು ಕಡ್ಡಾಯವಾಗಿರಲಿಲ್ಲ, ಅಂಗಡಿಯವರ ಇಚ್ಛೆಗೆ ಬಿಟ್ಟದ್ದಾಗಿತ್ತು. ಆದಕಾರಣ ಗುರುತಿಲ್ಲದ ಬೆಳ್ಳಿ ಪೇಟೆಯಲ್ಲಿ ಧಾರಾಳವಾಗಿ ಇದೆ. ಗುರುತಿಲ್ಲದ್ದೆಲ್ಲ ಮೋಸ ಎಂದು ನಾವು ಹೇಳುವುದಿಲ್ಲ. ಪ್ರಾಮಾಣಿಕವಾಗಿ ಕೆಲಸ ಮಾಡುವ ಅಕ್ಕಸಾಲಿಗರು ಇದ್ದಾರೆ. ಆದರೆ 925 ಎಂಬ ಅಂಕೆ ಒಂದೇ ಇದ್ದು ಬೇರೇನೂ ಇಲ್ಲದಿದ್ದರೆ ಅದು ಸಾಕ್ಷಿಯಲ್ಲ, ಬರಿಯ ಮಾತು. ಆ ಅಂಕೆಯ ಅಚ್ಚು ಯಾರ ಕೈಯಲ್ಲಾದರೂ ಇರಬಹುದು.

ಹಾಲ್‌ಮಾರ್ಕ್ ಇದ್ದೂ ಶುದ್ಧತೆ ಕಡಿಮೆ ಬಂದರೆ ಏನು ಗತಿ? 2018ರ ಬಿ.ಐ.ಎಸ್. ನಿಯಮದ ಪ್ರಕಾರ, ಕಡಿಮೆ ಬಿದ್ದ ಬೆಳ್ಳಿಯ ಬೆಲೆಯ ಎರಡರಷ್ಟನ್ನೂ ಪರೀಕ್ಷೆಯ ಖರ್ಚನ್ನೂ ಕೊಂಡವರಿಗೆ ಕೊಡಬೇಕು. ಆದರೆ ಇದನ್ನು ಕೇಳಲು ಕೈಯಲ್ಲಿ ಬಿಲ್ಲು ಇರಬೇಕು.

ಮನೆಯ ಪರೀಕ್ಷೆಗಳು ಎಷ್ಟು ನಂಬಲರ್ಹ?

ಮನೆಯಲ್ಲಿಯೇ ನೋಡಲು ಸಾಧ್ಯವಿಲ್ಲವೋ ಎಂದು ಅನೇಕರು ಕೇಳುತ್ತಾರೆ. ಕೆಲವು ಉಪಾಯಗಳಿವೆ. ಒಂದೊಂದೂ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ತಿಳಿದು ಮಾಡಬೇಕು.

ಅಯಸ್ಕಾಂತ. ಬೆಳ್ಳಿ ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣವೋ ನಿಕ್ಕಲ್ಲೋ ಇದೆ. ಆದರೆ ಅಂಟದಿದ್ದ ಮಾತ್ರಕ್ಕೆ ಬೆಳ್ಳಿಯಾಗಲಿಲ್ಲ. ತಾಮ್ರ, ಹಿತ್ತಾಳೆ, ಸೀಸ ಇವೂ ಅಂಟುವುದಿಲ್ಲ, ಜರ್ಮನ್ ಸಿಲ್ವರೂ ಸಾಮಾನ್ಯವಾಗಿ ಅಂಟುವುದಿಲ್ಲ. ಕೊಂಡಿಯೊಳಗಿನ ಸ್ಪ್ರಿಂಗು ಮಾತ್ರ ಅಂಟಿದರೆ ಅದಕ್ಕಾಗಿ ವಸ್ತುವನ್ನು ತಳ್ಳಬೇಡಿರಿ, ಸ್ಪ್ರಿಂಗು ಉಕ್ಕಿನದಿರುತ್ತದೆ.

ಮಂಜುಗಡ್ಡೆ. ಬೆಳ್ಳಿಯ ಮೇಲೆ ಬೇಗ ಕರಗುತ್ತದೆ ಎನ್ನುತ್ತಾರೆ. ನಿಜ. ತಾಮ್ರದ ಮೇಲೂ ಅಷ್ಟೇ ಬೇಗ ಕರಗುತ್ತದೆ. ಇದನ್ನು ನಂಬಿ ಹಣ ಕೊಡಬಾರದು.

ಕಪ್ಪಾಗುವುದು. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಬೆಳ್ಳಿ ಕಪ್ಪಾಗುತ್ತದೆ. ಮೊಟ್ಟೆ, ಉಣ್ಣೆ, ರಬ್ಬರು ತಾಗಿದರೂ ಕಪ್ಪಾಗುತ್ತದೆ. ಬಿಳಿ ಬಟ್ಟೆಯಿಂದ ಉಜ್ಜಿದರೆ ಬಟ್ಟೆಗೆ ಕಪ್ಪು ಹತ್ತುತ್ತದೆ. ಆದರೆ ಬೆಳ್ಳಿಯ ಮುಲಾಮು ಇದ್ದರೂ ಹಾಗೆಯೇ ಆಗುತ್ತದೆ. ಕಪ್ಪಾದ ಕಾಲುಚೈನನ್ನು ಕಂಡು 'ಇದು ಕೀಳು ಬೆಳ್ಳಿ' ಎಂದು ಬೈಯುವುದೂ ತಪ್ಪು. ಒಳ್ಳೆಯ ಬೆಳ್ಳಿಯೂ ಕಪ್ಪಾಗುತ್ತದೆ.

ಸವೆದ ಜಾಗ. ಇದು ಒಳ್ಳೆಯ ಉಪಾಯ. ಮುಲಾಮು ಮೊದಲು ಹೋಗುವುದು ಉಜ್ಜುವ ಜಾಗದಲ್ಲಿ: ಉಂಗುರದ ಒಳಭಾಗ, ಕೊಂಡಿ ಕೊಂಡಿ ತಾಗುವ ಸಂದು, ಚಮಚದ ಬೆನ್ನು, ಬಟ್ಟಲಿನ ಅಂಚು. ಅಲ್ಲಿ ಹಳದಿ ಕಂಡರೆ ಹಿತ್ತಾಳೆ, ಕೆಂಪು ಕಂಡರೆ ತಾಮ್ರ. ಹೊಸ ವಸ್ತುವಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ.

ನೀರಿನ ತೂಕ. ಮನೆಯಲ್ಲಿ ಮಾಡುವುದರಲ್ಲಿ ಎಲ್ಲಕ್ಕಿಂತ ನಂಬಲರ್ಹವಾದದ್ದು ಇದು. ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ಬೇಕು. ಮೊದಲು ವಸ್ತುವನ್ನು ತೂಗಿ ಬರೆದುಕೊಳ್ಳಿರಿ. ಆಮೇಲೆ ಒಂದು ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಅಂಕೆಯನ್ನು ಸೊನ್ನೆಗೆ ತನ್ನಿರಿ. ವಸ್ತುವನ್ನು ತೆಳುವಾದ ನೂಲಿನಲ್ಲಿ ಕಟ್ಟಿ ಪೂರಾ ನೀರಿನೊಳಗೆ ಇಳಿಬಿಡಿರಿ. ತಳಕ್ಕೂ ಬದಿಗೂ ತಾಗಬಾರದು, ಗುಳ್ಳೆಗಳು ಅಂಟಿರಬಾರದು. ಆಗ ತಕ್ಕಡಿ ಒಂದು ಅಂಕೆ ತೋರಿಸುತ್ತದೆ. ಮೊದಲಿನ ತೂಕವನ್ನು ಆ ಅಂಕೆಯಿಂದ ಭಾಗಿಸಿರಿ. ಸ್ಟರ್ಲಿಂಗ್ ಬೆಳ್ಳಿಯಾದರೆ ಸುಮಾರು 10.4 ಬರುತ್ತದೆ. ಜರ್ಮನ್ ಸಿಲ್ವರ್ ಆದರೆ 8.7ರ ಹತ್ತಿರ, ಹಿತ್ತಾಳೆಯಾದರೆ 8.5ರ ಹತ್ತಿರ. ಅಂದರೆ 104 ಗ್ರಾಮಿನ ಕಡಗ ನೀರಿನಲ್ಲಿ 10 ತೋರಿಸಿದರೆ ಒಳ್ಳೆಯ ಬೆಳ್ಳಿ. 12 ತೋರಿಸಿದರೆ ಬೆಳ್ಳಿಯೇ ಅಲ್ಲ. ಒಳಗೆ ಪೊಳ್ಳಿರುವ, ಅರಗು ತುಂಬಿರುವ, ಕಲ್ಲು ಕೂರಿಸಿರುವ ಒಡವೆಗೆ ಈ ಲೆಕ್ಕ ಹತ್ತುವುದಿಲ್ಲ. ಅರವತ್ತು ಟಂಚದ ಬೆಳ್ಳಿಗೆ 9.8ರ ಹತ್ತಿರ ಬರುವುದರಿಂದ ಕೀಳು ಬೆಳ್ಳಿಯನ್ನು ಹಿಡಿಯಲು ಬಹಳ ಜಾಗ್ರತೆಯಿಂದ ತೂಗಬೇಕು.

ಆಮ್ಲದ ಪರೀಕ್ಷೆಯನ್ನು ಮನೆಯಲ್ಲಿ ಮಾಡಲೇಬಾರದು. ಒರೆಗಲ್ಲಿನ ಮೇಲೆ ಉಜ್ಜಿ ಆಮ್ಲ ಹಾಕಿ ನೋಡುವುದು ಕೈ ಪಳಗಿದವರ ಕೆಲಸ. ನೈಟ್ರಿಕ್ ಆಮ್ಲ ಚರ್ಮವನ್ನು ಸುಡುತ್ತದೆ, ಅದರ ಹೊಗೆ ಎದೆಗೆ ಕೆಟ್ಟದ್ದು, ಮಕ್ಕಳಿರುವ ಒಂದು ಕೋಣೆಯ ಮನೆಗೆ ಅದು ಬರಬಾರದು. ದೊಡ್ಡ ಪೇಟೆಗಳಲ್ಲಿ ಎಕ್ಸ್-ಕಿರಣದ ಯಂತ್ರದಿಂದ ಒಂದೆರಡು ನಿಮಿಷದಲ್ಲಿ ಟಂಚ ಹೇಳುತ್ತಾರೆ. ಒಡವೆಗೆ ಗಾಯವಾಗುವುದಿಲ್ಲ. ಆದರೆ ಆ ಯಂತ್ರ ನೋಡುವುದು ಮೇಲ್ಮೈಯನ್ನು ಮಾತ್ರ. ದಪ್ಪ ಮುಲಾಮು ಇದ್ದರೆ ಅದೂ ಮೋಸಹೋಗಬಹುದು. ಆದ್ದರಿಂದ ಸವೆದ ಜಾಗದಲ್ಲಿ ಹಿಡಿದು ತೋರಿಸಲು ಹೇಳಿರಿ.

ಇನ್ನೊಂದು ಮಾತು. ಗಂಡಸರೆಲ್ಲ ಕೆಲಸಕ್ಕೆ ಹೋದ ಹೊತ್ತಿನಲ್ಲಿ 'ಒಡವೆಗೆ ಪಾಲಿಷ್ ಮಾಡಿಕೊಡುತ್ತೇವೆ' ಎಂದು ಲೈನುಗಳಿಗೆ ಬರುವವರ ಕೈಗೆ ಏನನ್ನೂ ಕೊಡಬೇಡಿರಿ. ಅವರ ಬಟ್ಟಲಿನ ನೀರು ನೀರಲ್ಲ, ಲೋಹವನ್ನು ಕರಗಿಸುವ ಆಮ್ಲ. ಹೊಳೆಯುವ ಒಡವೆ ನಿಮಗೆ, ಕರಗಿದ ಲೋಹ ಅವರಿಗೆ. ಬೆಳ್ಳಿ ತೊಳೆಯಲು ಮನೆಯಲ್ಲಿಯೇ ಸುಲಭದ ದಾರಿ ಇದೆ. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಕಿ, ಅದರ ಮೇಲೆ ಬೆಳ್ಳಿಯನ್ನಿಟ್ಟು, ಅಡಿಗೆ ಸೋಡಾ ಒಂದೆರಡು ಚಮಚ ಉದುರಿಸಿ, ಕುದಿಯುವ ನೀರು ಹೊಯ್ಯಿರಿ. ಕೆಲವು ನಿಮಿಷದಲ್ಲಿ ಕಪ್ಪು ಬಿಡುತ್ತದೆ, ಬೆಳ್ಳಿ ಸವೆಯುವುದಿಲ್ಲ. ಕಲ್ಲು ಕೂರಿಸಿದ್ದಕ್ಕೂ ಅರಗಿನದಕ್ಕೂ ಇದನ್ನು ಮಾಡಬಾರದು. ಒಣಗಿಸಿ ಹತ್ತಿ ಬಟ್ಟೆಯಲ್ಲಿ ಕಟ್ಟಿಡಿರಿ. ರಬ್ಬರ್ ಬ್ಯಾಂಡ್ ಹಾಕಬೇಡಿರಿ.

ಅಂಗಡಿಯಲ್ಲಿ ಕೇಳಬೇಕಾದದ್ದು

ಅಂಗಡಿಯಲ್ಲಿ ನಾವು ಸಾಮಾನ್ಯವಾಗಿ ಒಂದೇ ಮಾತು ಕೇಳುತ್ತೇವೆ, 'ಎಷ್ಟಾಯಿತು?' ಎಂದು. ಅದರ ಬದಲು ನಾಲ್ಕು ಮಾತು ಕೇಳಬೇಕು. ತೂಕ ಎಷ್ಟು? ಟಂಚ ಎಷ್ಟು? ಕೂಲಿ ಎಷ್ಟು? ನಾಳೆ ಇದನ್ನೇ ತಂದರೆ ಯಾವ ಲೆಕ್ಕದಲ್ಲಿ ವಾಪಸು ತೆಗೆದುಕೊಳ್ಳುತ್ತೀರಿ? ಈ ನಾಲ್ಕೂ ಬಿಲ್ಲಿನಲ್ಲಿ ಬರೆದಿರಬೇಕು.

ಲೆಕ್ಕ ಮಾಡಿ ನೋಡೋಣ. ಬೆಳ್ಳಿಯ ಧಾರಣೆ ದಿನದಿನಕ್ಕೆ ಬದಲಾಗುತ್ತದೆ; ಸುಲಭವಾಗಲೆಂದು ಗ್ರಾಮಿಗೆ 100 ರೂಪಾಯಿ ಎಂದು ಇಟ್ಟುಕೊಳ್ಳೋಣ. 100 ಗ್ರಾಮಿನ ಕಾಲುಚೈನು. ಅಂಗಡಿಯವರು ಪೂರಾ ತೂಕಕ್ಕೆ 10,000, ಕೂಲಿ 1,500, ಅದರ ಮೇಲೆ ನೂರಕ್ಕೆ 3ರಂತೆ ಜಿ.ಎಸ್.ಟಿ. 345, ಒಟ್ಟು 11,845 ರೂಪಾಯಿ ತೆಗೆದುಕೊಂಡರು. ಚೈನು ಅರವತ್ತು ಟಂಚದ್ದಾದರೆ ಅದರಲ್ಲಿರುವ ಬೆಳ್ಳಿಯ ಬೆಲೆ 6,000 ಮಾತ್ರ. ನ್ಯಾಯವಾಗಿ ಬೆಳ್ಳಿಗೆ 6,000, ಕೂಲಿಗೆ 1,500, ತೆರಿಗೆಗೆ 225, ಒಟ್ಟು 7,725 ಆಗಬೇಕಿತ್ತು. ಹೆಚ್ಚಾಗಿ ಹೋದದ್ದು 4,120 ರೂಪಾಯಿ. ಅಷ್ಟನ್ನು ಮತ್ತೆ ಸಂಪಾದಿಸಲು ಎಷ್ಟು ದಿನ ಸೊಪ್ಪು ಕೀಳಬೇಕು ಎಂಬುದನ್ನು ನೀವೇ ಎಣಿಸಿರಿ.

ಕಡಿಮೆ ಟಂಚದ ಚೈನು ಕೊಳ್ಳಬಾರದೆಂದಲ್ಲ. ತಾಮ್ರ ಹೆಚ್ಚಿದ್ದರೆ ಗಟ್ಟಿಯಾಗಿ ಬಾಳುತ್ತದೆ. ಆದರೆ ಅರವತ್ತರ ಬೆಳ್ಳಿಗೆ ಅರವತ್ತರ ಬೆಲೆಯನ್ನೇ ಕೊಡಬೇಕು. ಉಳಿತಾಯಕ್ಕೆಂದು ಕೊಳ್ಳುವುದಾದರೆ ಕೂಲಿ ಹೆಚ್ಚಿರುವ, ಕಲ್ಲು ಮಿಣುಕುವ ಒಡವೆಗಿಂತ ಹಾಲ್‌ಮಾರ್ಕಿನ ಸಾದಾ ಕಡಗವೋ ನಾಣ್ಯವೋ ಮೇಲು.

ಅಡವಿಡುವಾಗ

ಬೆಳ್ಳಿಯ ಮೇಲೆ ಸಾಲ ಕೊಡುವ ಬ್ಯಾಂಕು, ಸಹಕಾರಿ ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ರಿಸರ್ವ್ ಬ್ಯಾಂಕು 2025ರ ಜೂನ್ ತಿಂಗಳಲ್ಲಿ ಹೊಸ ನಿಯಮಗಳನ್ನು ಕೊಟ್ಟಿತು. 2026ರ ಏಪ್ರಿಲ್ 1ರೊಳಗೆ ಎಲ್ಲರೂ ಅವನ್ನು ಅನುಸರಿಸಬೇಕೆಂದು ಗಡುವನ್ನೂ ಹಾಕಿತು. ಅದರಲ್ಲಿ ನಮಗೆ ಬೇಕಾದವು ಇವು. ಒಡವೆಯನ್ನು ಒರೆ ಹಚ್ಚಿ ತೂಗುವಾಗ ಸಾಲ ಕೇಳುವವರು ಎದುರಿಗೆ ಇರಬೇಕು. ಟಂಚ ಎಷ್ಟು, ತೂಕ ಎಷ್ಟು, ಕಲ್ಲಿಗೆ ಎಷ್ಟು ಕಳೆದರು ಎಂಬುದನ್ನು ಬರೆದು ಕೊಡಬೇಕು. ಎರಡೂವರೆ ಲಕ್ಷದ ಒಳಗಿನ ಸಾಲಕ್ಕೆ ಬೆಲೆಯ ನೂರಕ್ಕೆ 85ರ ತನಕ ಕೊಡಬಹುದು; ಕೊನೆಗೆ ಒಟ್ಟಿಗೆ ತೀರಿಸುವ ಸಾಲವಾದರೆ ಬಡ್ಡಿಯೂ ಆ ಲೆಕ್ಕದೊಳಗೆ ಸೇರುತ್ತದೆ. ಸಾಲ ತೀರಿಸಿದ ಮೇಲೆ ಹೆಚ್ಚೆಂದರೆ ಏಳು ಕೆಲಸದ ದಿನಗಳೊಳಗೆ ಒಡವೆ ವಾಪಸು ಬರಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು.

ಕನ್ನಡ ಮಾತಾಡುವ ನಮಗೆ ಮುಖ್ಯವಾದ ಇನ್ನೊಂದು ನಿಯಮವಿದೆ. ಸಾಲದ ವಿಷಯವನ್ನು ಆ ಪ್ರದೇಶದ ಭಾಷೆಯಲ್ಲಾಗಲಿ, ಸಾಲಗಾರರು ಆರಿಸಿಕೊಂಡ ಭಾಷೆಯಲ್ಲಾಗಲಿ ತಿಳಿಸಬೇಕು. ಓದು ಬಾರದವರಿಗೆ ಸಾಕ್ಷಿಯ ಎದುರಿನಲ್ಲಿ ವಿವರಿಸಿ ಹೇಳಬೇಕು. ತಮಿಳೋ ಮಲಯಾಳವೋ ಓದಲು ಬಾರದ ಅಕ್ಕಂದಿರು, ಓದಬಲ್ಲ ಮಗನನ್ನೋ ನೆರೆಯವರನ್ನೋ ಜೊತೆಗೆ ಕರೆದುಕೊಂಡು ಹೋಗಿರಿ. ತಿಳಿಯದೆ ಹೆಬ್ಬೆಟ್ಟು ಒತ್ತಬೇಡಿರಿ.

ಪೇಟೆಯ ಖಾಸಗಿ ಗಿರವಿ ಅಂಗಡಿಗಳಿಗೆ ಈ ನಿಯಮ ಹತ್ತುವುದಿಲ್ಲ. ಅವು ರಾಜ್ಯದ ಕಾನೂನಿಗೆ ಸೇರಿದವು. ತಮಿಳುನಾಡಿನಲ್ಲಿ 1943ರ ಗಿರವಿದಾರರ ಕಾಯಿದೆ ಇದೆ. ಅದರ ಪ್ರಕಾರ ಅಂಗಡಿಗೆ ಲೈಸೆನ್ಸು ಇರಬೇಕು, ಒಡವೆ ಇಟ್ಟವರಿಗೆ ಚೀಟಿ ಕೊಡಬೇಕು. ಕೇರಳದಲ್ಲಿ ಬಡ್ಡಿವ್ಯವಹಾರ ಮಾಡುವವರು 1958ರ ಕಾಯಿದೆಯಂತೆ ಲೈಸೆನ್ಸು ಪಡೆದಿರಬೇಕು. ಚೀಟಿ ಇಲ್ಲದೆ ಯಾರ ಕೈಯಲ್ಲೂ ಒಡವೆ ಬಿಟ್ಟು ಬರಬೇಡಿರಿ.

ಮುಗಿಸುವ ಮೊದಲು ಒಂದು ಕೆಲಸ ಒಪ್ಪಿಸುತ್ತೇವೆ. ಈ ವಾರ ಪ್ರತಿ ಮನೆಯಲ್ಲೂ ಒಂದು ನೋಟುಪುಸ್ತಕದ ಹಾಳೆ ತೆಗೆದು, ಮನೆಯಲ್ಲಿರುವ ಒಂದೊಂದು ಬೆಳ್ಳಿ ವಸ್ತುವಿನ ಹೆಸರು, ತೂಕ, ಮೇಲಿರುವ ಗುರುತು, ಕೊಂಡ ವರ್ಷ ಬರೆದಿಡಿರಿ. ಬಿಲ್ಲುಗಳಿದ್ದರೆ ಅದೇ ಹಾಳೆಗೆ ಅಂಟಿಸಿರಿ. ಓದುವ ಮಕ್ಕಳಿಗೆ ಈ ಕೆಲಸ ಕೊಡಿರಿ, ಅವರಿಗೆ ಲೆಕ್ಕವೂ ಬರುತ್ತದೆ. ನೀರಿನ ತೂಕ ನೋಡಬೇಕೆನ್ನುವವರು ಮುಂದಿನ ಭಾನುವಾರ ಕೂಟಕ್ಕೆ ಬರುವಾಗ ಒಂದೊಂದು ವಸ್ತು ತನ್ನಿರಿ. ತಕ್ಕಡಿಯನ್ನು ನಾವು ತರುತ್ತೇವೆ, ಎಲ್ಲರೂ ಕೂಡಿ ನೋಡೋಣ.